ಆ ಜಾಲತಾಣಗಳಿಗೆ ಆಧಾರ್ ಕೊಡಬೇಡಿ, ಬೆದರಿಸುವವರಿಗೆ ಹಣ ಕಟ್ಟಬೇಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಚಿಕ್ಕ ಸುದ್ದಿ ಬಂದಿತ್ತು. ಅಶ್ಲೀಲ ಜಾಲತಾಣ ನೋಡಲು ಹೋಗಿ ಯುವಕನೊಬ್ಬ ಹಣ ಕಳೆದುಕೊಂಡ ಎಂಬ ಸುದ್ದಿ. ಯುವಕನ ಹೆಸರನ್ನು ನೀವು ಬರೆದಿರಲಿಲ್ಲ, ಸರಿ. ಆದರೆ ಹೋಬಳಿ ಬರೆದಿದ್ದಿರಿ, ತಂದೆಯ ಕಸುಬು ಬರೆದಿದ್ದಿರಿ, ಅವನು ಏನು ಓದುತ್ತಿದ್ದಾನೆ ಎಂಬುದನ್ನೂ ಬರೆದಿದ್ದಿರಿ. ಆ ಹೋಬಳಿಯಲ್ಲಿ ಆ ಕಸುಬಿನ ಮನೆಗಳು ಎಷ್ಟಿರಬಹುದು? ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಅಂಗಡಿಗೆ ಪಹಣಿ ತೆಗೆಸಲು ಬಂದ ಇಬ್ಬರು, ಆ ಹುಡುಗ ಯಾರ ಮಗ ಎಂದು ಅಷ್ಟರಲ್ಲೇ ಪತ್ತೆ ಮಾಡಿಬಿಟ್ಟಿದ್ದರು. ಹಣ ಕದ್ದವನ ಬಗ್ಗೆ ಮಾತ್ರ ಆ ಸುದ್ದಿಯಲ್ಲಿ ಒಂದೇ ಒಂದು ಸಾಲೂ ಇರಲಿಲ್ಲ. ಅಂದಿನಿಂದ ಮನಸ್ಸಿಗೆ ನೆಮ್ಮದಿ ಇಲ್ಲ, ಅದಕ್ಕೇ ಈ ಪತ್ರ.

ನಾನು ಶಿಡ್ಲಘಟ್ಟದಲ್ಲಿ ಹದಿಮೂರು ವರ್ಷದಿಂದ ಜೆರಾಕ್ಸ್ ಮತ್ತು ಆನ್‌ಲೈನ್ ಸೇವೆಯ ಸಣ್ಣ ಅಂಗಡಿ ನಡೆಸುತ್ತಿದ್ದೇನೆ. ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಪ್ಯಾನ್ ಕಾರ್ಡ್, ರೇಷ್ಮೆ ಬೆಳೆಗಾರರ ಸಹಾಯಧನದ ಅರ್ಜಿ, ಹೀಗೆ ದಿನವಿಡೀ ಜನರ ಕಾಗದಪತ್ರಗಳ ನಡುವೆಯೇ ನನ್ನ ಬದುಕು. ದಿನಕ್ಕೆ ನಲವತ್ತು ಐವತ್ತು ಆಧಾರ್ ಕಾರ್ಡುಗಳನ್ನು ಕೈಯಲ್ಲಿ ಹಿಡಿಯುತ್ತೇನೆ. ಒಟಿಪಿ ಬಂದರೆ ಜನ ಮೊಬೈಲನ್ನೇ ನನ್ನ ಕೈಗಿಟ್ಟು ‘ನೀವೇ ನೋಡಿ ಅಕ್ಕ’ ಎನ್ನುತ್ತಾರೆ. ಹಾಗಾಗಿ ಮನೆಯವರಿಗೂ ಕಾಣದ್ದು ನನ್ನ ಕಣ್ಣಿಗೆ ಬೀಳುತ್ತದೆ. ನಾನು ಹೇಳಲಿರುವ ಮೂವರ ಗುರುತು ಸಿಗಬಾರದೆಂದು ವಯಸ್ಸು, ಕಸುಬು, ತಿಂಗಳುಗಳನ್ನು ಬದಲಿಸಿದ್ದೇನೆ. ನಡೆದದ್ದನ್ನು ಬದಲಿಸಿಲ್ಲ.

ಒಂದು ಸಂಜೆ ಬಾಗಿಲು ಹಾಕುವ ಹೊತ್ತಿಗೆ ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಬಂದ. ಆಧಾರ್ ಕಾರ್ಡಿನ ಎರಡೂ ಬದಿಗಳನ್ನು ಸ್ಕ್ಯಾನ್ ಮಾಡಿ ಒಂದು ಇ-ಮೇಲ್‌ಗೆ ಕಳಿಸಬೇಕೆಂದ. ಚೀಟಿಯಲ್ಲಿ ಬರೆದುಕೊಂಡು ಬಂದಿದ್ದ ವಿಳಾಸ ಯಾವ ಇಲಾಖೆಯದೂ ಅಲ್ಲ, ಯಾವ ಬ್ಯಾಂಕಿನದೂ ಅಲ್ಲ. ಅಕ್ಷರ, ಅಂಕಿ ಕಲಸಿಟ್ಟ ಉದ್ದನೆಯ ಸಾಲು. ಯಾವುದಕ್ಕೆ ಎಂದು ಕೇಳಿದೆ. ಉತ್ತರವಿಲ್ಲ. ಇನ್ನೊಮ್ಮೆ ಕೇಳಿದ್ದಕ್ಕೆ ನೆಲ ನೋಡುತ್ತ, ಹದಿನೆಂಟು ತುಂಬಿದೆಯೆಂದು ತೋರಿಸಬೇಕಂತೆ ಎಂದ. ಅವನ ಕಿವಿ ಕೆಂಪಾಗಿದ್ದವು. ನಾನು ಮುಂದೆ ಏನನ್ನೂ ಕೇಳದೆ ಕಾರ್ಡನ್ನು ಯಂತ್ರದ ಗಾಜಿನ ಮೇಲಿಂದ ಎತ್ತಿ ಅವನ ಕೈಗೆ ವಾಪಸು ಕೊಟ್ಟೆ. ಇದನ್ನು ಕೇಳಿದವರು ಯಾರೇ ಆಗಿರಲಿ, ಕೊಡಬೇಡಪ್ಪ ಎಂದೆ. ಅವನು ಇಪ್ಪತ್ತು ರೂಪಾಯಿ ಮೇಜಿನ ಮೇಲಿಟ್ಟು ಹೊರಟೇಹೋದ. ಕೆಲಸ ಮಾಡದಿದ್ದರೂ ದುಡ್ಡು ಇಟ್ಟು ಹೋಗಿದ್ದ. ನಾನು ಬಾಯಿ ಬಿಡಬಾರದು ಎಂಬುದಕ್ಕಿರಬೇಕು ಎಂದುಕೊಂಡಾಗ ಹೊಟ್ಟೆಯಲ್ಲಿ ಸಂಕಟವಾಯಿತು.

ಆ ಕಾರ್ಡಿನ ಮೇಲೆ ಏನೇನಿದೆ ಎಂದು ಒಮ್ಮೆ ನೋಡಿ. ಮುಖ, ಹೆಸರು, ಹುಟ್ಟಿದ ದಿನ, ಹಿಂಬದಿಯಲ್ಲಿ ತಂದೆಯ ಹೆಸರು, ಊರು, ಬೀದಿ. ಬೆದರಿಸಲು ಕುಳಿತವನಿಗೆ ಇನ್ನೇನು ಬೇಕು? ‘ನೀನು ಇಂಥ ತಾಣಕ್ಕೆ ಬಂದಿದ್ದೆ, ನಿನ್ನ ಅಪ್ಪನ ಹೆಸರು ಇದು, ಮನೆ ಇಲ್ಲಿದೆ’ ಎಂದು ಒಂದು ಸಾಲು ಬರೆದರೆ ಸಾಕು, ಹುಡುಗ ಅಮ್ಮನ ಓಲೆಯನ್ನಾದರೂ ಅಡವಿಟ್ಟು ಹಣ ಕಳಿಸುತ್ತಾನೆ. ಇಂಥ ತಾಣಗಳಿಗೆ ಆಧಾರ್ ಪ್ರತಿ ಕೊಡಬೇಕೆಂಬ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಬ್ರಿಟನ್ನಿನಲ್ಲಿ 2025ರ ಜುಲೈ 25ರಿಂದ ಅಶ್ಲೀಲ ತಾಣಗಳು ನೋಡುಗರ ವಯಸ್ಸನ್ನು ಪರೀಕ್ಷಿಸಲೇಬೇಕು ಎಂಬ ನಿಯಮ ಬಂದಿದೆ. ಆ ಸುದ್ದಿ ನಮ್ಮ ಹುಡುಗರ ಕಿವಿಗೂ ಬಿದ್ದಿರುವುದರಿಂದ, ವಯಸ್ಸಿನ ಪುರಾವೆ ಕೊಡಿ ಎಂದು ಯಾರು ಕೇಳಿದರೂ ಇವರಿಗೆ ಅದು ನ್ಯಾಯವೆಂದೇ ಕಾಣುತ್ತದೆ. ಹೆಸರಾಂತ ಕಂಪನಿಗಳ ಬಳಿಯೇ ಇಂಥ ಗುರುತಿನ ಚೀಟಿಗಳು ಭದ್ರವಾಗಿ ಉಳಿಯುವುದಿಲ್ಲ. ಡಿಸ್ಕಾರ್ಡ್ ಎಂಬುದು ವಿಡಿಯೊ ಗೇಮ್ ಆಡುವವರು ಹರಟುವ ತಾಣ, ಅಶ್ಲೀಲ ತಾಣವಲ್ಲ. ಬಳಕೆದಾರರ ವಯಸ್ಸಿನ ತಕರಾರು ಬಗೆಹರಿಸಲು ತರಿಸಿಕೊಂಡಿದ್ದ ಸುಮಾರು 70,000 ಗುರುತಿನ ಚೀಟಿಗಳ ಚಿತ್ರಗಳು ಹೊರಗುತ್ತಿಗೆ ಸಂಸ್ಥೆಯೊಂದರ ಕಡೆಯಿಂದ ಕಳ್ಳರ ಪಾಲಾಗಿರಬಹುದು ಎಂದು ಅದು 2025ರ ಅಕ್ಟೋಬರಿನಲ್ಲಿ ಹೇಳಿಕೊಂಡಿತು. ಅಂಥವರ ಗತಿಯೇ ಹೀಗಾದರೆ, ಹೆಸರು ವಿಳಾಸವಿಲ್ಲದ ತಾಣದ ಕೈಗೆ ನಮ್ಮ ಹುಡುಗ ತನ್ನ ಆಧಾರ್ ಕೊಟ್ಟರೆ ಏನಾದೀತು?

ಎರಡನೆಯದು ಒಬ್ಬ ಹೆಣ್ಣುಮಗಳ ಕಥೆ. ಬೆಳಗಿನ ಜಾವ ಎದ್ದು ನೂಲು ಬಿಚ್ಚಾಣಿಕೆ ಘಟಕಕ್ಕೆ ಹೋಗುವವಳು. ಬಿಸಿನೀರಿನಲ್ಲಿ ಅದ್ದಿ ಅದ್ದಿ ಬೆರಳ ತುದಿಗಳು ಬೆಳ್ಳಗೆ ನೆರಿಗೆಗಟ್ಟಿದ್ದವು. ಮನೆಗೆಲ್ಲ ಒಂದೇ ಸ್ಮಾರ್ಟ್‌ಫೋನ್. ಏಳನೆಯ ತರಗತಿಯ ಮಗಳು ಅದರಲ್ಲೇ ಶಾಲೆಯ ಪಾಠ ನೋಡುತ್ತಾಳೆ. ಪಾಠದ ನಡುವೆ ಪರದೆಯ ಮೇಲ್ತುದಿಯಲ್ಲಿ ಬೆತ್ತಲೆ ಚಿತ್ರ ಇರುವ ಸೂಚನೆಗಳು ಒಂದರ ಹಿಂದೆ ಒಂದು ಇಳಿಯುತ್ತಿದ್ದವು. ಮಗು ಹೆದರಿ ಫೋನನ್ನು ಹಾಸಿಗೆಯ ಕೆಳಗೆ ಬಚ್ಚಿಟ್ಟಿತ್ತಂತೆ. ತಾಯಿ ಗಂಡನೊಂದಿಗೆ ಮಾತು ಬಿಟ್ಟು ಒಂದು ವಾರವಾಗಿತ್ತು. ಫೋನನ್ನು ನನ್ನ ಮುಂದಿಟ್ಟು, ಇದನ್ನು ಒಡೆದು ಹಾಕಲೇ ಎಂದು ಕೇಳಿದಳು.

ನಾನು ಕ್ರೋಮ್ ತೆರೆದು ಸೆಟ್ಟಿಂಗ್ಸ್, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಷನ್ ಎಂಬಲ್ಲಿಗೆ ಹೋದೆ. ಅಲ್ಲಿ ಹದಿನಾಲ್ಕು ತಾಣಗಳಿಗೆ ಅನುಮತಿ ಕೊಟ್ಟಿತ್ತು. ಯಾರೋ ಎಂದೋ ಒಮ್ಮೆ ಅಂಥ ತಾಣಕ್ಕೆ ಹೋಗಿದ್ದಾರೆ. ‘ಹದಿನೆಂಟು ದಾಟಿದ್ದರೆ ಅಲೋ ಒತ್ತಿ’ ಎಂದು ಆ ತಾಣ ಕೇಳಿದೆ, ಇವರು ಒತ್ತಿದ್ದಾರೆ. ಆ ಗುಂಡಿಗೂ ವಯಸ್ಸಿಗೂ ಸಂಬಂಧವೇ ಇಲ್ಲ. ಹಗಲು ರಾತ್ರಿ ನಿಮ್ಮ ಪರದೆಗೆ ಜಾಹೀರಾತು ಕಳಿಸಲು ಪಡೆದ ಒಪ್ಪಿಗೆ ಅದು. ಹದಿನಾಲ್ಕನ್ನೂ ಅಳಿಸಿದೆ, ಮೂರು ನಿಮಿಷದ ಕೆಲಸ. ನೋಡಿದವರು ಯಾರು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮೂರು ನಿಮಿಷದ ಈ ಕೆಲಸ ಗೊತ್ತಿಲ್ಲದೆ ಒಂದು ಮನೆಯಲ್ಲಿ ವಾರವಿಡೀ ಒಲೆ ಉರಿದರೂ ಮಾತಿಲ್ಲದ ಹಾಗಾಗಿತ್ತಲ್ಲ ಎಂಬುದೇ ನನ್ನ ದುಃಖ.

ಮೂರನೆಯದನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ. ಐವತ್ತು ದಾಟಿದ ರೈತ. ಹಿಪ್ಪುನೇರಳೆ ತೋಟವಿದೆ, ವರ್ಷಕ್ಕೆ ನಾಲ್ಕೈದು ಬೆಳೆ ಗೂಡು ತೆಗೆಯುವ ಮನುಷ್ಯ. ಒಂದು ಮಧ್ಯಾಹ್ನ ಬಂದು ಮೊಬೈಲ್ ಚಾಚಿ, ಇದನ್ನು ಪ್ರಿಂಟ್ ತೆಗೆದುಕೊಡಮ್ಮ ಎಂದರು. ಪರದೆಯ ಚಿತ್ರವೊಂದನ್ನು ಉಳಿಸಿಟ್ಟುಕೊಂಡಿದ್ದರು. ಮೇಲೆ ಅಶೋಕ ಸ್ತಂಭದ ಲಾಂಛನ, ಕೆಳಗೆ ಇಂಗ್ಲಿಷಿನಲ್ಲಿ ಕೆಂಪಕ್ಷರ. ನಿಷೇಧಿತ ಅಶ್ಲೀಲ ತಾಣ ನೋಡಿದ್ದಕ್ಕಾಗಿ ನಿಮ್ಮ ಬ್ರೌಸರ್ ಬಂದ್ ಮಾಡಲಾಗಿದೆ, ಆರು ಗಂಟೆಯೊಳಗೆ ದಂಡ ಕಟ್ಟದಿದ್ದರೆ ಬಂಧಿಸಲಾಗುವುದು ಎಂದು. ಅಲ್ಲಿಯೇ ಕಾರ್ಡಿನ ಸಂಖ್ಯೆ ತುಂಬಲು ಜಾಗ. ಅವರು ಡೆಬಿಟ್ ಕಾರ್ಡಿನ ಸಂಖ್ಯೆ, ಹಿಂಬದಿಯ ಮೂರು ಅಂಕಿ, ಒಟಿಪಿ ಎಲ್ಲವನ್ನೂ ತುಂಬಿದ್ದರು. ಮೊದಲ ಸಲ ‘ವಿಫಲ’ ಎಂದು ಬಂದಿದ್ದರಿಂದ ಎರಡನೆಯ ಸಲವೂ ತುಂಬಿದ್ದರು. ಎರಡೂ ಸಲ ಹಣ ಹೋಗಿತ್ತು. ಗೂಡು ಮಾರಿದ ಹಣ.

ಅವರು ದೂರು ಕೊಡಲು ಬಂದಿರಲಿಲ್ಲ, ಸಂಪಾದಕರೇ. ದಂಡ ಕಟ್ಟಿದ ರಸೀದಿ ಕೈಯಲ್ಲಿರಲಿ, ನಾಳೆ ಪೊಲೀಸರು ಮನೆಗೆ ಬಂದರೆ ತೋರಿಸಬಹುದು ಎಂದು ಅದರ ಪ್ರಿಂಟ್ ತೆಗೆಸಲು ಬಂದಿದ್ದರು.

ನಾನು ಕೂಡಲೇ 1930ಕ್ಕೆ ಕರೆ ಮಾಡಲು ಫೋನ್ ಎತ್ತಿದೆ. ಅವರು ಮೇಜಿನಾಚೆಯಿಂದ ಕೈ ಚಾಚಿ ಫೋನನ್ನು ಒತ್ತಿ ಹಿಡಿದರು. ಬೇಡ ತಾಯಿ, ಹೆಂಡತಿಗೆ ಗೊತ್ತಾದರೆ ನಾನು ಬಾವಿಗೆ ಬೀಳಬೇಕು ಎಂದರು. ಮಗನ ವಯಸ್ಸಿನವರ ಮುಂದೆಯೂ ತಲೆ ತಗ್ಗಿಸದ ಮನುಷ್ಯನ ಕೈ ನಡುಗುತ್ತಿತ್ತು. ಒಪ್ಪಿಸಲು ನನಗೆ ಎರಡು ದಿನ ಬೇಕಾಯಿತು. 1930 ಎಂಬುದು ಸೈಬರ್ ವಂಚನೆಗೆಂದೇ ಇರುವ ಸಹಾಯವಾಣಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರುವ ಮುನ್ನ ತಡೆ ಹಿಡಿಸುವುದೇ ಅದರ ಮುಖ್ಯ ಕೆಲಸ. ಅಲ್ಲಿ ಗಂಟೆಗಳ ಲೆಕ್ಕ, ದಿನಗಳದಲ್ಲ. ನಾವು ಕರೆ ಮಾಡುವ ಹೊತ್ತಿಗೆ ಆ ಖಾತೆ ಬರಿದಾಗಿತ್ತು. ಆ ಎರಡು ದಿನಗಳನ್ನು ಅವರಿಂದ ಕಿತ್ತುಕೊಂಡದ್ದು ನಾಚಿಕೆ. ಕಳ್ಳನಿಗೆ ಆ ನಾಚಿಕೆ ಗೊತ್ತಿತ್ತು, ಅದನ್ನೇ ನಂಬಿ ಬಲೆ ಹಾಕಿದ್ದ.

ಆ ಪುಟದಲ್ಲಿದ್ದ ಒಂದಕ್ಷರವೂ ನಿಜವಲ್ಲ. ಯಾವ ಪೊಲೀಸರೂ, ಯಾವ ಸಚಿವಾಲಯವೂ ಬ್ರೌಸರಿನ ಪುಟದಲ್ಲಿ ಕಾರ್ಡ್ ಸಂಖ್ಯೆ ಕೇಳಿ ದಂಡ ವಸೂಲು ಮಾಡುವುದಿಲ್ಲ. ಫೋನ್ ಬಂದ್ ಕೂಡ ಆಗಿರುವುದಿಲ್ಲ. ಅದು ಪರದೆ ತುಂಬ ಹರಡಿಕೊಂಡ ಒಂದು ಪುಟ, ಅಷ್ಟೇ. ಮೊಬೈಲಿನಲ್ಲಾದರೆ ತೆರೆದಿರುವ ಆ್ಯಪ್‌ಗಳ ಸಾಲಿಗೆ ಹೋಗಿ ಬ್ರೌಸರನ್ನು ಸರಿಸಿ ಮುಚ್ಚಿ, ಆಮೇಲೆ ಆ ಟ್ಯಾಬ್ ಅಳಿಸಿ. ಕಂಪ್ಯೂಟರಿನಲ್ಲಾದರೆ ಆಲ್ಟ್ ಮತ್ತು ಎಫ್4 ಕೀಲಿಗಳನ್ನು ಒಟ್ಟಿಗೆ ಒತ್ತಿ. ಏನೂ ತೋಚದಿದ್ದರೆ ಯಂತ್ರವನ್ನೇ ಆಫ್ ಮಾಡಿ. ವಯಸ್ಕರೊಬ್ಬರು ಖಾಸಗಿಯಾಗಿ ಅಂಥದ್ದನ್ನು ನೋಡಿದ ಮಾತ್ರಕ್ಕೆ ಅದು ಅಪರಾಧವಲ್ಲ. ಇನ್ನೊಬ್ಬರಿಗೆ ಹಂಚುವುದು, ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಅಪರಾಧ. ಮಕ್ಕಳಿರುವ ಚಿತ್ರವಾದರೆ ಹುಡುಕುವುದೂ ನೋಡುವುದೂ 67ಬಿ ಸೆಕ್ಷನ್ ಅಡಿ ಅಪರಾಧ, ಅದರಲ್ಲಿ ನನ್ನ ಕನಿಕರವೂ ಇಲ್ಲ. ಆ ತಾಣಗಳನ್ನು ನಾನು ಸಮರ್ಥಿಸುತ್ತಿಲ್ಲ. ನೋಡುವವರು ನಮ್ಮ ನಡುವೆ ಇದ್ದಾರೆ, ನೋಡಿದ ತಪ್ಪಿಗೆ ಅವರ ಮನೆ ಮುರಿಯಬಾರದು ಎಂಬುದಷ್ಟೇ ನನ್ನ ಮಾತು.

ನಮ್ಮ ಊರಿನಲ್ಲಿ ಗೂಡಿನ ವಿಷಯ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಬೆಂದ ಗೂಡಿನಿಂದ ಎಳೆಯ ತುದಿ ಕೈಗೆ ಸಿಗುವವರೆಗೆ ಅದು ಗಟ್ಟಿ. ತುದಿ ಸಿಕ್ಕಿತೋ, ನೂರಾರು ಮೀಟರ್ ನೂಲು ತಾನಾಗಿ ಬಿಚ್ಚಿಕೊಂಡು ಬರುತ್ತದೆ, ಕೊನೆಗೆ ಒಳಗಿನ ಹುಳು ಬೆತ್ತಲೆಯಾಗಿ ತೇಲುತ್ತದೆ. ಮೊಬೈಲ್ ಸಂಖ್ಯೆ ಅಂಥ ತುದಿ. ಅದರಿಂದ ವಾಟ್ಸ್‌ಆ್ಯಪ್ ಫೋಟೊ ಸಿಗುತ್ತದೆ, ಫೋಟೊದಿಂದ ಫೇಸ್‌ಬುಕ್, ಫೇಸ್‌ಬುಕ್ಕಿನಿಂದ ಭಾವಮೈದುನ, ಶಾಲೆಯ ಮೇಷ್ಟರು, ಸಂಘದ ಅಧ್ಯಕ್ಷರು. ಯುಪಿಐ ಮೂಲಕ ಹತ್ತು ರೂಪಾಯಿ ಕಳಿಸಿದರೂ ಬ್ಯಾಂಕಿನಲ್ಲಿರುವ ನಿಮ್ಮ ಹೆಸರು ಎದುರಿನವನಿಗೆ ಕಾಣುತ್ತದೆ. ‘ಹತ್ತೇ ರೂಪಾಯಿಗೆ ಸದಸ್ಯತ್ವ’ ಎಂದು ಕರೆಯುವವನಿಗೆ ಹತ್ತು ರೂಪಾಯಿಗಿಂತ ಆ ಹೆಸರೇ ದೊಡ್ಡ ಗಳಿಕೆ.

ನಮ್ಮ ಹುಡುಗರು ಇನ್‌ಕಾಗ್ನಿಟೊ ಎಂಬ ಕಪ್ಪು ಕಿಟಕಿಯನ್ನು ಬಹಳ ನಂಬುತ್ತಾರೆ. ಆ ಕಿಟಕಿ ಮಾಡುವುದು ಇಷ್ಟೇ: ಮುಚ್ಚಿದ ಮೇಲೆ ನಿಮ್ಮ ಫೋನಿನಲ್ಲಿ ಜಾಡು ಉಳಿಯದಂತೆ ನೋಡಿಕೊಳ್ಳುತ್ತದೆ. ಮನೆಯವರ ಕಣ್ಣಿಗೆ ಅದು ಮರೆ. ತಾಣದವರಿಗೆ, ಜಾಹೀರಾತು ಕಂಪನಿಗಳಿಗೆ, ಇಂಟರ್‌ನೆಟ್ ಕೊಟ್ಟವರಿಗೆ ಅಲ್ಲ. ಆ ಕಿಟಕಿಯಲ್ಲಿದ್ದಾಗಲೂ ಜನರ ಮಾಹಿತಿ ಸಂಗ್ರಹಿಸಿದರೆಂದು ಅಮೆರಿಕದಲ್ಲಿ ಗೂಗಲ್ ಮೇಲೆ 2020ರಲ್ಲಿ ಮೊಕದ್ದಮೆ ಹೂಡಿದ್ದರು. 2024ರಲ್ಲಿ ಆ ಕಂಪನಿ ಕೋಟಿಗಟ್ಟಲೆ ದಾಖಲೆಗಳನ್ನು ನಾಶಪಡಿಸಲು ಒಪ್ಪಿಕೊಂಡು ರಾಜಿಯಾಯಿತು. ಮೈಕ್ರೊಸಾಫ್ಟ್, ಕಾರ್ನೆಗಿ ಮೆಲನ್ ಮತ್ತು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಗಳ ಸಂಶೋಧಕರು 2019ರಲ್ಲಿ 22,484 ಅಶ್ಲೀಲ ತಾಣಗಳನ್ನು ಪರೀಕ್ಷಿಸಿದಾಗ, ಅವುಗಳಲ್ಲಿ ಶೇ 93ರಷ್ಟು ತಾಣಗಳು ನೋಡುಗರ ಮಾಹಿತಿಯನ್ನು ಹೊರಗಿನ ಕಂಪನಿಗಳಿಗೆ ರವಾನಿಸುತ್ತಿದ್ದವು. ಬಾಗಿಲು ಹಾಕಿಕೊಂಡು ಒಬ್ಬರೇ ಕುಳಿತಿದ್ದೇವೆ ಎಂದುಕೊಂಡ ಕೋಣೆಯಲ್ಲಿ ಎಷ್ಟು ಜನ ಕುಳಿತಿರುತ್ತಾರೆ ನೋಡಿ.

‘ಖಾತೆ ಅಳಿಸಿದ್ದೇನೆ’ ಎಂಬ ಧೈರ್ಯವೂ ಸಾಲದು. ಮದುವೆಯಾದವರಿಗೆ ಹೊರಸಂಬಂಧ ಹುಡುಕಿಕೊಡುತ್ತೇವೆ ಎನ್ನುತ್ತಿದ್ದ ಆ್ಯಶ್ಲಿ ಮ್ಯಾಡಿಸನ್ ಎಂಬ ತಾಣ, ಮಾಹಿತಿಯನ್ನು ಪೂರ್ತಿ ಅಳಿಸಲು 19 ಡಾಲರ್ ಶುಲ್ಕ ತೆಗೆದುಕೊಳ್ಳುತ್ತಿತ್ತು. 2015ರಲ್ಲಿ ಕಳ್ಳರು ಅದರ ದಾಖಲೆಗಳನ್ನು ಕದ್ದು ಬಯಲಿಗೆ ಸುರಿದಾಗ ಮೂರು ಕೋಟಿಗೂ ಹೆಚ್ಚು ಖಾತೆಗಳ ವಿವರ ಹೊರಬಂತು. ಹಣ ಕೊಟ್ಟು ಅಳಿಸಿದವರ ವಿವರವೂ ಅದರಲ್ಲಿತ್ತು. ಆ ತಾಣ ಇ-ಮೇಲ್ ವಿಳಾಸ ನಿಜವಾಗಿ ಯಾರದ್ದೆಂದು ಪರೀಕ್ಷಿಸುತ್ತಲೂ ಇರಲಿಲ್ಲ. ಅಂದರೆ ಅತ್ತ ತಲೆ ಹಾಕದವರ ಹೆಸರೂ ಆ ಪಟ್ಟಿಯಲ್ಲಿ ಇರಬಹುದಿತ್ತು. ಮರುವರ್ಷ ಫ್ರೆಂಡ್‌ಫೈಂಡರ್ ಎಂಬ ಸಮೂಹದ ವಯಸ್ಕರ ತಾಣಗಳಿಂದ 41 ಕೋಟಿ ಖಾತೆಗಳ ಮಾಹಿತಿ ಸೋರಿತು. ಬಳಕೆದಾರರು ಅಳಿಸಿದ್ದೇವೆಂದು ನಂಬಿದ್ದ ಒಂದೂವರೆ ಕೋಟಿಯಷ್ಟು ಖಾತೆಗಳು ಅದರಲ್ಲಿ ಸೇರಿದ್ದವು.

ಸೋರಿದ ಇಂಥ ಪಟ್ಟಿಗಳಿಂದ ಹುಟ್ಟಿದ ಇನ್ನೊಂದು ಬೆದರಿಕೆ ನಮ್ಮ ತಾಲ್ಲೂಕಿಗೂ ಬಂದಿದೆ. ‘ನಿನ್ನ ಪಾಸ್‌ವರ್ಡ್ ಇದು, ನೀನು ಅಶ್ಲೀಲ ತಾಣ ನೋಡುವಾಗ ಕ್ಯಾಮೆರಾದಲ್ಲಿ ಚಿತ್ರೀಕರಿಸಿದ್ದೇನೆ, ಬಿಟ್‌ಕಾಯಿನ್ ಕಳಿಸು’ ಎಂಬ ಇಂಗ್ಲಿಷ್ ಇ-ಮೇಲ್. ಪಾಸ್‌ವರ್ಡ್ ಸರಿಯಾಗಿಯೇ ಇರುವುದರಿಂದ ಓದಿದವರ ಜೀವ ಬಾಯಿಗೆ ಬರುತ್ತದೆ. ಅದು ಯಾವುದೋ ಹಳೆಯ ಸೋರಿಕೆಯಲ್ಲಿ ಸಿಕ್ಕ ಪಾಸ್‌ವರ್ಡ್, ಲಕ್ಷಾಂತರ ಜನರಿಗೆ ಒಂದೇ ಪತ್ರ ಕಳಿಸಿರುತ್ತಾರೆ, ವಿಡಿಯೊ ಇರುವುದಿಲ್ಲ. ಉತ್ತರ ಕೊಡಬೇಡಿ. ಆ ಪಾಸ್‌ವರ್ಡನ್ನು ಇನ್ನೂ ಎಲ್ಲೆಲ್ಲಿ ಬಳಸುತ್ತಿದ್ದೀರೋ ಅಲ್ಲೆಲ್ಲ ಅಂದೇ ಬದಲಾಯಿಸಿ.

ಅಂಗಡಿಗೆ ಬರುವ ಹುಡುಗರಿಗೆ ನಾನು ಈಗ ಮುಜುಗರವಿಲ್ಲದೆ ಹೇಳುತ್ತೇನೆ. ಅಂಥ ತಾಣದಲ್ಲಿ ಖಾತೆ ತೆರೆಯಲೇಬೇಡಿ. ‘ಗೂಗಲ್ ಮೂಲಕ ಲಾಗಿನ್ ಆಗಿ’ ಎಂದರೆ ಆಗಬೇಡಿ, ಅದು ನಿಮ್ಮ ಇ-ಮೇಲ್ ವಿಳಾಸವನ್ನು ಎತ್ತಿ ಕೊಟ್ಟಂತೆ. ಬ್ಯಾಂಕಿಗೆ ಕೊಟ್ಟ ಇ-ಮೇಲ್, ಕಾಲೇಜಿಗೆ ಕೊಟ್ಟ ಇ-ಮೇಲ್, ಎಲ್ಲ ಕಡೆ ಬಳಸುವ ಪಾಸ್‌ವರ್ಡ್ ಅಲ್ಲಿಗೆ ಹೋಗಬಾರದು. ಮೊಬೈಲ್ ಸಂಖ್ಯೆ, ಕಾರ್ಡ್, ಯುಪಿಐ ಯಾವುದೂ ಬೇಡ. ಕ್ಯಾಮೆರಾ, ಮೈಕ್, ಜಾಗದ ಅನುಮತಿ ಕೇಳಿದರೆ ಬೇಡ ಎಂದೇ ಒತ್ತಿ. ವಿಡಿಯೊ ನೋಡಲು ಈ ಆ್ಯಪ್ ಇಳಿಸಿಕೊಳ್ಳಿ ಎಂದರೆ ಅಲ್ಲಿಂದ ಎದ್ದು ಬನ್ನಿ. ಪ್ಲೇ ಸ್ಟೋರಿನ ಹೊರಗಿನ ಅಂಥ ಆ್ಯಪ್‌ಗಳು ನಿಮ್ಮ ಸಂಪರ್ಕ ಪಟ್ಟಿ ಮತ್ತು ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತವೆ. ಎಸ್‌ಎಂಎಸ್ ಓದುವವನಿಗೆ ಒಟಿಪಿಯೂ ಸಿಗುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ 827 ತಾಣಗಳನ್ನು ನಿರ್ಬಂಧಿಸಿದ ಮೇಲೆ ನಿರ್ಬಂಧ ದಾಟಲು ವಿಪಿಎನ್ ಎಂಬ ಉಚಿತ ಆ್ಯಪ್ ಹಾಕಿಕೊಳ್ಳುವ ಗೀಳು ಬೇರೆ ಹತ್ತಿತು. ಯಾವ ದಾಖಲೆಯನ್ನೂ ಇಡುವುದಿಲ್ಲ ಎಂದು ಆಣೆ ಮಾಡುತ್ತಿದ್ದ ಏಳು ಉಚಿತ ವಿಪಿಎನ್‌ಗಳ ಬಳಕೆದಾರರ ದಾಖಲೆಗಳು 2020ರಲ್ಲಿ ಇಂಟರ್‌ನೆಟ್ಟಿನಲ್ಲಿ ಬೀಗವಿಲ್ಲದೆ ಬಿದ್ದಿದ್ದವು.

ಒಬ್ಬ ಮನುಷ್ಯನ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂತು, 2025ರ ನವೆಂಬರಿನಲ್ಲಿ ಅದರ ನಿಯಮಗಳೂ ಪ್ರಕಟವಾದವು. ಮಾಹಿತಿ ಕಾಪಾಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಇವೆಲ್ಲ ಒಳ್ಳೆಯದೇ. ಆದರೆ ದಂಡ ಕಟ್ಟಿದ ರಸೀದಿ ಬೇಕೆಂದು ಬಂದ ಆ ರೈತರಿಗೆ ಈ ಕಾನೂನಿಗಿಂತ ಮೊದಲು ಬೇಕಾಗಿದ್ದದ್ದು, ನೀವು ತಪ್ಪು ಮಾಡಿಲ್ಲ, ನಿಮ್ಮನ್ನು ದೋಚಿದ್ದಾರೆ ಎಂದು ಹೇಳುವ ಒಬ್ಬ ಮನುಷ್ಯ.

ಆದ್ದರಿಂದ ತಮ್ಮಲ್ಲಿ ಎರಡು ಕೋರಿಕೆ. ಇಂಥ ಪ್ರಕರಣ ವರದಿ ಮಾಡುವಾಗ ಮೋಸ ಹೋದವರ ಊರು, ತಂದೆಯ ಕಸುಬು, ಓದು, ಕುಲ ಯಾವುದನ್ನೂ ಬರೆಯಬೇಡಿ. ವಂಚಕ ಹೇಗೆ ವಂಚಿಸಿದ, ಯಾವ ಗುಂಡಿ ಒತ್ತಿಸಿದ, ಎಷ್ಟು ಹೊತ್ತಿನೊಳಗೆ ದೂರು ಕೊಟ್ಟರೆ ಹಣ ತಡೆಯಬಹುದು ಎಂಬುದಕ್ಕೆ ಆ ಜಾಗ ಕೊಡಿ. ಸುದ್ದಿಯ ಕೆಳಗೆ 1930 ಎಂಬ ಸಂಖ್ಯೆಯನ್ನು, ಚಿಕ್ಕಬಳ್ಳಾಪುರದಲ್ಲಿ ಸೈಬರ್ ಅಪರಾಧಗಳ ದೂರು ತೆಗೆದುಕೊಳ್ಳುವ ಪೊಲೀಸ್ ಠಾಣೆ (ಸೆನ್) ಇದೆ ಎಂಬುದನ್ನು ಪ್ರತಿ ಸಲವೂ ಹಾಕಿ. ಹಣಕ್ಕಾಗಿ ಬೆದರಿಸುವುದು ಭಾರತೀಯ ನ್ಯಾಯ ಸಂಹಿತೆಯ 308ನೇ ಸೆಕ್ಷನ್ ಪ್ರಕಾರ ಸುಲಿಗೆ ಎಂದೂ ಬರೆಯಿರಿ. ಜನರಿಗೆ ಆ ಪದ ಗೊತ್ತಾಗಬೇಕು. ಪಿಯು ಮತ್ತು ಪದವಿ ಕಾಲೇಜುಗಳ ಪ್ರಾಂಶುಪಾಲರಿಗೂ ಇದೇ ಮಾತು: ಸೈಬರ್ ಜಾಗೃತಿ ಎಂದು ಭಾಷಣ ಏರ್ಪಡಿಸುತ್ತೀರಿ, ಬ್ಯಾಂಕಿನ ವಂಚನೆ, ಲಾಟರಿಯ ವಂಚನೆ ಹೇಳಿ ಮುಗಿಸುತ್ತೀರಿ. ಹುಡುಗರು ನಿಜವಾಗಿ ಸಿಕ್ಕಿಬೀಳುವ ಜಾಗದ ಹೆಸರನ್ನು ಯಾರೂ ಎತ್ತುವುದಿಲ್ಲ. ಎತ್ತಿ. ನಾನು ಹೆಣ್ಣಾಗಿ, ಇಬ್ಬರು ಮಕ್ಕಳ ತಾಯಿಯಾಗಿ, ಅಂಗಡಿಯ ಮೇಜಿನ ಹಿಂದೆ ನಿಂತೇ ಹೇಳುತ್ತಿದ್ದೇನೆ.

ನನ್ನ ಹೆಸರು, ವಿಳಾಸ, ಮೊಬೈಲ್ ಸಂಖ್ಯೆಯನ್ನು ಲಕೋಟೆಯಲ್ಲಿ ಬೇರೆ ಕಾಗದದಲ್ಲಿ ಇಟ್ಟಿದ್ದೇನೆ. ದಯವಿಟ್ಟು ಅಚ್ಚು ಹಾಕಬೇಡಿ. ನನ್ನ ಹೆಸರು ತಿಳಿದರೆ ಅಂಗಡಿ ತಿಳಿಯುತ್ತದೆ. ಅಂಗಡಿ ತಿಳಿದರೆ, ಆ ಮಧ್ಯಾಹ್ನ ಅಲ್ಲಿಗೆ ಬಂದಿದ್ದವರು ಯಾರು ಎಂದು ನಮ್ಮ ಊರಿನವರು ಲೆಕ್ಕ ಹಾಕಲು ಕೂರುತ್ತಾರೆ. ಆ ರೈತರು ಈಗಲೂ ತಿಂಗಳಿಗೊಮ್ಮೆ ಪಹಣಿಗೋ ಅರ್ಜಿಗೋ ನನ್ನಲ್ಲಿಗೇ ಬರುತ್ತಾರೆ.

ಇತಿ,
ಆನ್‌ಲೈನ್ ಸೇವೆಯ ಅಂಗಡಿ ನಡೆಸುವವಳು
ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ